ಜೋಳದಂಗಡಿಗೆ ಬಂದ ಉತ್ತರದ ಹಕ್ಕಿಗಳು

ಗಲ್ಲಾದ ಮುಂದೆ ಕೂತವನು ಬೆಚ್ಚಿಬೀಳಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು. ಬೇಳೆ ರೇಟು ಏರಿದರೆ ಮುಖದಲ್ಲಿ ತೋರಿಸಬಾರದು, ಇಳಿದರಂತೂ ತೋರಿಸಲೇಬಾರದು. ಮೂವತ್ತು ವರ್ಷ ಆ ಮಾತು ಉಳಿಸಿಕೊಂಡು ಬಂದೆ. ಆದರೆ ಚಳಿಗಾಲ ಬಂತೆಂದರೆ ಮಾತ್ರ ಒಂದಲ್ಲ ಒಂದು ಆಘಾತ ಆಗಿಯೇ ಆಗುತ್ತದೆ. ಅದೂ ಮಾರ್ಕೆಟ್ಟಿನಿಂದಲ್ಲ, ಹಕ್ಕಿಗಳಿಂದ.

ನಮ್ಮದು ಬೆಂಗಳೂರಿನ ವಿಜಯನಗರದ ಪಕ್ಕ ಮಾರೇನಹಳ್ಳಿಯಲ್ಲಿ ಧಾನ್ಯದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ತಾರಸಿ, ತಾರಸಿಗೆ ಒರಗಿದ ಹಾಗೆ ಒಂದು ಗೋಣಿ ಮರ. ಮೊದಲು ರಾಗಿ, ಬೇಳೆ, ಕಾಳು, ಹಬ್ಬಕ್ಕೆ ಒಂದಿಷ್ಟು ರಂಗೋಲಿ ಬಣ್ಣ ಅಷ್ಟೇ ಇಡುತ್ತಿದ್ದೆ. ಉತ್ತರ ಕರ್ನಾಟಕದ ಜನ ಕೆಲಸಕ್ಕೆ ಅಂತ ಸುಂಕದಕಟ್ಟೆ ಕಡೆ ಬಂದು ತುಂಬಿಕೊಂಡ ಮೇಲೆ ಜೋಳವನ್ನೂ ತರಿಸತೊಡಗಿದೆ. ಉತ್ತರದಿಂದ ಜೋಳ ಬಂತು, ಜೋಳ ಕೊಳ್ಳುವವರೂ ಉತ್ತರದಿಂದಲೇ ಬಂದರು. ಹಕ್ಕಿಗಳೂ ಅದೇ ದಿಕ್ಕಿನಿಂದ ಬರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿದವರು ಮೇಷ್ಟ್ರು.

ಮೇಷ್ಟ್ರು ಅಂದರೆ ಬಸವೇಶ್ವರನಗರದ ರಿಟೈರ್ಡ್ ವಿಜ್ಞಾನದ ಮೇಷ್ಟ್ರು, ನನ್ನ ಹಳೇ ಗಿರಾಕಿ. ತಲೆಗೆ ಮಂಕಿ ಕ್ಯಾಪು, ಕೊರಳಿಗೆ ಬೈನಾಕ್ಯುಲರು. ಅರ್ಧ ಕೆಜಿ ಹೆಸರುಕಾಳು ಕೊಳ್ಳೋಕೆ ಬಂದು ಒಂದು ಗಂಟೆ ಗೋಣಿ ಮರ ನೋಡಿಕೊಂಡು ನಿಲ್ಲುವ ಮನುಷ್ಯ.

೧. ಅರ್ಧ ಶಟರ್

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಆಗಷ್ಟೇ ಚಳಿ ಶುರುವಾಗಿತ್ತು. ಬೆಳಗ್ಗೆ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ತಿರುಗುತ್ತೀನಿ, ತೊಗರಿಬೇಳೆ ಮೂಟೆ ಮೇಲೆ ಒಂದು ಹಕ್ಕಿ ಕೂತಿದೆ. ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಹೊಟ್ಟೆ ಕೆಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ. ಬಾಲ ಅನ್ನೋದು ಹೆಸರಿಗೆ ಮಾತ್ರ. ವೆಂಟಿಲೇಟರಿನಿಂದ ನುಗ್ಗಿರಬೇಕು. ಹಾರಲ್ಲ, ಹೆದರಲ್ಲ, ಮದುವೆ ಪತ್ರಿಕೆ ಕೊಡಕ್ಕೆ ಬಂದ ನೆಂಟನ ಹಾಗೆ ನನ್ನನ್ನೇ ನೋಡ್ತಾ ಕೂತಿದೆ.

ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲು ಹತ್ತಿದವರು ಎರಡೂ ಕೈ ಮೇಲೆತ್ತಿ ಕೂಗಿದರು: "ಯಾರೂ ಅಲ್ಲಾಡಬೇಡಿ!"

ಹಾವು ಅಂದುಕೊಂಡು ಗಿರಾಕಿಯೊಬ್ಬಳು ಚೀಲ ಬಿಟ್ಟು ಓಡಿದಳು. ಇನ್ನೊಬ್ಬಾಕೆ ರಾಗಿ ಮೂಟೆ ಹತ್ತಿ ನಿಂತಳು.

"ನವರಂಗ ಸ್ವಾಮಿ ಇದು!" ಅಂದರು ಮೇಷ್ಟ್ರು, ಪಿಸುದನಿಯಲ್ಲಿ. "ಹಿಮಾಲಯದ ತಪ್ಪಲಿಂದ ಹಾರಿಕೊಂಡು ಬಂದು ಸುಸ್ತಾಗಿ ಇಳಿದಿದೆ. ಸಂಜೆವರೆಗೂ ಇದಕ್ಕೆ ಕತ್ತಲು ಬೇಕು, ಮೌನ ಬೇಕು. ಶಟರ್ ಇಳಿಸಿ."

"ತಿಂಗಳ ಮೊದಲ ಸೋಮವಾರ ಮೇಷ್ಟ್ರೇ, ವ್ಯಾಪಾರದ ದಿನ."

"ಹಿಮಾಲಯದಿಂದ ಬಂದಿದೆ ರೀ!"

"ದಾರಿ ಉದ್ದಕ್ಕೂ ನನ್ನ ಅಂಗಡಿ ಒಂದೇ ಸಿಕ್ತಾ? ಎದುರಿಗೆ ಬಟ್ಟೆ ಅಂಗಡಿ ಇತ್ತಲ್ಲ, ಮೆತ್ತಗೆ ಮಲಗಬಹುದಿತ್ತು."

ಚೌಕಾಸಿ ನಡೆದು ಅರ್ಧ ಶಟರಿಗೆ ಇಳಿದೆವು. ಪೂರ್ತಿ ಮುಚ್ಚಿದರೆ ನನಗೆ ನಷ್ಟ, ಪೂರ್ತಿ ತೆಗೆದರೆ ಹಕ್ಕಿಗೆ ನಷ್ಟ. ಮೇಷ್ಟ್ರು ಹೊರಗೆ ಸ್ಟೂಲ್ ಹಾಕಿಕೊಂಡು ಬಾಯಿಗೆ ಬೆರಳಿಟ್ಟು ಕಾವಲು ಕೂತರು.

ನಮ್ಮ ರಸ್ತೆಯಲ್ಲಿ ವಾರದ ದಿನ ಅರ್ಧ ಶಟರ್ ಇಳಿದರೆ ಅದಕ್ಕೆ ಒಂದೇ ಅರ್ಥ. ಅದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ. ಹತ್ತು ಗಂಟೆಗೆ ಬಟ್ಟೆ ಅಂಗಡಿಯವರು ಮರ್ಯಾದೆಗೆ ಅರ್ಧ ಇಳಿಸಿದರು. ಅವರನ್ನು ನೋಡಿ ಬಳೆ ಅಂಗಡಿ, ಬಳೆ ಅಂಗಡಿ ನೋಡಿ ಪಾತ್ರೆ ಅಂಗಡಿ. ಹನ್ನೊಂದಕ್ಕೆ ಇಡೀ ಸಾಲು ಅರ್ಧ ಕಣ್ಣು ಮುಚ್ಚಿತ್ತು. ಬಟ್ಟೆ ಅಂಗಡಿಯವರು ಸುಗಂಧರಾಜದ ದಪ್ಪ ಹಾರ ಹಿಡಿದುಕೊಂಡು ಬಂದು, ಶಟರ್ ಕೆಳಗೆ ಬಗ್ಗಿ, ನನ್ನ ಭುಜ ಒತ್ತಿದರು.

"ಹಿರಿಯರು. ತುಂಬು ಜೀವನ ನಡೆಸಿದರು. ಧೈರ್ಯ ತಗೊಳಿ."

ಯಾವ ಹಿರಿಯರು ಅಂತ ಕೇಳೋಷ್ಟರಲ್ಲಿ, ಕಾಫಿ ಲೋಟ ಹಿಡಿದುಕೊಂಡು ಒಳಗಿನಿಂದ ನಮ್ಮಪ್ಪನೇ ಬಂದರು. ಬಟ್ಟೆ ಅಂಗಡಿಯವರ ಕೈ ಗಾಳಿಯಲ್ಲೇ ನಿಂತುಹೋಯಿತು. ಅಪ್ಪ ಹಾರ ನೋಡಿದರು, ಅವರ ಮುಖ ನೋಡಿದರು. ಆಮೇಲೆ ನಾಚಿಕೊಂಡು ಕತ್ತು ಬಗ್ಗಿಸಿದರು.

"ಇದೆಲ್ಲ ಯಾಕಪ್ಪಾ? ನನ್ನ ಹುಟ್ಟಿದ ದಿನ ಯುಗಾದಿ ಆದ ಮೇಲಲ್ವಾ?"

೨. ಬಿನ್ನಿಪೇಟೆಯ ಅಪರೂಪ

ಹಕ್ಕಿ ನೋಡೋದು ಅಂದರೆ ಒಬ್ಬರ ಖಯಾಲಿ ಅಂದುಕೊಂಡಿದ್ದೆ. ಅದಕ್ಕೆ ಗುಂಪಿದೆ, ಗುಂಪಿಗೊಂದು ರಿಜಿಸ್ಟರಿದೆ ಅಂತ ಆಮೇಲೆ ತಿಳಿದು ದಂಗಾದೆ. ಯಾವ ಹಕ್ಕಿ, ಯಾವ ದಿನ, ಎಷ್ಟು, ಯಾಕೆ ಬಂತು, ನೋಡಿದ ಸಾಕ್ಷಿ ಯಾರು ಅಂತ ಕಾಲಂ ಹಾಕಿ ಬರೆಯುತ್ತಾರೆ. ರಿಜಿಸ್ಟರ್ ಇರೋದು ರಾಜಾಜಿನಗರದ ಒಬ್ಬ ಹಿರಿಯರ ಹತ್ತಿರ. ಎಲ್ಲರೂ ಅವರನ್ನು ರಿಜಿಸ್ಟರ್ ಸಾರ್ ಅಂತಲೇ ಕರೆಯೋದು. ನಮ್ಮ ಮೇಷ್ಟ್ರಿಗೆ ಆ ಪುಸ್ತಕದಲ್ಲಿ ಹೆಸರು ಬಂದರೆ ದೇವಸ್ಥಾನದ ಕಲ್ಲಲ್ಲಿ ಹೆಸರು ಕೆತ್ತಿಸಿದಷ್ಟು ಸಂತೋಷ.

ಮರು ವರ್ಷದ ಚಳಿಗಾಲ. ಮೇಷ್ಟ್ರು ಬಿನ್ನಿಪೇಟೆ ಕಡೆ ಹೋಗಿದ್ದವರು ಓಡೋಡಿ ಬಂದು ನನ್ನ ಅಂಗಡಿ ಫೋನಿನಿಂದ ಗುಂಪಿಗೆಲ್ಲ ಸುದ್ದಿ ಮುಟ್ಟಿಸಿದರು. ಮೈ ಪೂರ್ತಿ ಗುಲಾಬಿ ಬಣ್ಣದ ಪಾರಿವಾಳ! ಪುಸ್ತಕದಲ್ಲೇ ಇಲ್ಲ! ಹಿಮಾಲಯದ ಆಚೆಯಿಂದ ಬಂದಿರಬೇಕು!

ಭಾನುವಾರ ಬೆಳಗ್ಗೆ ಹದಿನೆಂಟು ಜನ, ಮೂರು ಕಾಲಿನ ಟೆಲಿಸ್ಕೋಪು, ರಿಜಿಸ್ಟರು. ಮೇಷ್ಟ್ರು ಬಲವಂತ ಮಾಡಿ ನನ್ನನ್ನೂ ಎಳೆದುಕೊಂಡು ಹೋದರು. ಹೌದು, ಎದುರು ತಾರಸಿಯ ಮೇಲೆ ಗುಲಾಬಿ ಪಾರಿವಾಳ ಜಂಬದಿಂದ ಓಡಾಡುತ್ತಿತ್ತು. ರಿಜಿಸ್ಟರ್ ಸಾರ್ ಪೆನ್ನಿನ ಮುಚ್ಚಳ ತೆಗೆದರು.

ಆಗ ಆ ತಾರಸಿಗೆ ಲುಂಗಿ ಉಟ್ಟ ಒಬ್ಬಾತ ಹಲ್ಲುಜ್ಜುತ್ತಾ ಬಂದ. ಬ್ರಷ್ ತೆಗೆದು ಒಂದು ಶಿಳ್ಳೆ ಹಾಕಿದ. ಹಿಮಾಲಯದ ಅಪರೂಪ ಹಾರಿ ಬಂದು ಅವನ ಭುಜದ ಮೇಲೆ ಕೂತಿತು.

"ಏನ್ ಸಾರ್, ಎಲ್ಲಾ ನಮ್ಮ ಪಾರಿವಾಳ ನೋಡಕ್ ಬಂದ್ರಾ?" ಅಂದ ಖುಷಿಯಾಗಿ. "ರೇಸಿಗೆ ಬಿಡ್ತೀನಿ. ಬೇರೆಯವರ ಗುಂಪಲ್ಲಿ ಸೇರ್ಕೊಂಡ್ರೆ ಗುರುತು ಸಿಗ್ಲಿ ಅಂತ ಬಣ್ಣ ಹಾಕಿರೋದು."

ಹದಿನೆಂಟು ಜನ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ನೆಲ ನೋಡಿದರು. ನಾನು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದೆ. ಆತ ನನ್ನನ್ನು ಕಂಡುಬಿಟ್ಟ.

"ಅಯ್ಯೋ ಅಣ್ಣ! ನೀವೂ ಬಂದಿದೀರಾ? ನಿಮ್ಮಂಗ್ಡಿ ರಂಗೋಲಿ ಬಣ್ಣನೇ ಸಾರ್ ಇದು. ಗಟ್ಟಿ ಅಂದ್ರೆ ಗಟ್ಟಿ! ಮೂರ್ ಸಲ ತೊಳೆದೆ, ಹೋಗ್ಲೇ ಇಲ್ಲ!"

ಅವತ್ತು ರಿಜಿಸ್ಟರ್ ಸಾರ್ ಎಲ್ಲರ ಮುಂದೆ ಬರೆದುಕೊಂಡರು: ಇನ್ನು ಮುಂದೆ ಮೇಷ್ಟ್ರು ಏನೇ ನೋಡಿದೆ ಅಂದರೂ, ತಾವು ಕಣ್ಣಾರೆ ನೋಡದೆ ಒಂದು ಅಕ್ಷರ ಬರೆಯುವುದಿಲ್ಲ. ವಾಪಸ್ ಬರುವಾಗ ಮೇಷ್ಟ್ರು ಬಸ್ಸಿನಲ್ಲಿ ಬೈನಾಕ್ಯುಲರನ್ನು ಚೀಲದೊಳಗೆ ತುರುಕಿ ಕೂತರು. ಅರ್ಧ ಜನ್ಮ ಹಕ್ಕಿ ನೋಡಿದ ಮನುಷ್ಯ. ನಾನು ಸಮಾಧಾನಕ್ಕೆ, "ಬಣ್ಣ ಚೆನ್ನಾಗಿತ್ತು ಅಂತ ಎಲ್ಲರೂ ಒಪ್ಪಿದರಲ್ಲ ಮೇಷ್ಟ್ರೇ" ಅಂದೆ. ಎರಡು ತಿಂಗಳು ಹೆಸರುಕಾಳು ಬೇರೆ ಕಡೆ ಕೊಂಡರು.

೩. ಕೆಂಗೇರಿಯ ಸವಕಳಿ

ರಾಜಿಯಾದ ಮೇಲೆ ಒಂದು ಭಾನುವಾರ ಮೇಷ್ಟ್ರು ಗುಂಪಿನ ಜೊತೆ ನನ್ನನ್ನೂ ಕೆಂಗೇರಿ ಕೆರೆಗೆ ಕರೆದುಕೊಂಡು ಹೋದರು. ಉತ್ತರದ ಬಾತುಕೋಳಿಗಳು ಬಂದಿವೆಯಂತೆ. ನಾನು ಕಂಡಿದ್ದು ಮೊದಲು ನೊರೆ, ಆಮೇಲೆ ವಾಸನೆ, ಅದರ ಆಚೆ ಚೂಪು ಬಾಲದ ಬಾತುಗಳ ದೊಡ್ಡ ಹಿಂಡು. ಇಷ್ಟು ದೂರ ಹಾರಿಬಂದು ಈ ನೀರಿಗೆ ಇಳಿಯೋದಾ ಅಂತ ನನಗೆ ನಿಜಕ್ಕೂ ಆಘಾತವಾಯಿತು.

"ಎಷ್ಟೊಂದು ಕೋಳಿ!" ಅಂದೆ. ರಿಜಿಸ್ಟರ್ ಸಾರ್ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ಅವರು ಲೆಕ್ಕಕ್ಕೆ ಕೂತರು. ಹತ್ತು ಹತ್ತರ ಗುಂಪು ಮಾಡಿ, ಟಿಕ್ ಹಾಕಿ, ಹಕ್ಕಿ ಜಾಗ ಬದಲಾಯಿಸಿದರೆ ಮೊದಲಿಂದ ಎಣಿಸಿ. ನನಗೆ ಹೊಟ್ಟೆ ಹಸಿದಿತ್ತು. ಒಂದು ಸಲ ಹಿಂಡಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ, "ಮುನ್ನೂರ ಅರವತ್ತು. ನಡೀರಿ, ಇಡ್ಲಿ ಆರಿಹೋಗುತ್ತೆ" ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಕ್ಕಾಲು ಗಂಟೆ ಆದ ಮೇಲೆ ರಿಜಿಸ್ಟರ್ ಸಾರ್ ತಲೆ ಎತ್ತಿದರು. ಮುಖ ಬಿಳುಚಿಕೊಂಡಿತ್ತು. "ಮುನ್ನೂರ ಐವತ್ತೆಂಟು. ಹೇಗ್ರೀ ಹೇಳಿದ್ರಿ?"

"ಲಾರಿ ಬಂದು ನಿಂತಾಗ ಮೂಟೆ ಇಳಿಸೋ ಮುಂಚೆಯೇ ಎಷ್ಟಿದೆ ಅಂತ ಹೇಳಕ್ಕೆ ಬರದವನು ಅಂಗಡಿ ಇಡಬಾರದು ಸಾರ್."

"ಆದರೂ ಎರಡು ಜಾಸ್ತಿ ಹೇಳಿದ್ರಿ."

"ಅಷ್ಟು ಸವಕಳಿ ಎಲ್ಲಾ ಮಾಲಲ್ಲೂ ಇರುತ್ತೆ."

ಅವರು ಯೋಚನೆ ಮಾಡಿ ತೀರ್ಪು ಕೊಟ್ಟರು: "ಸಂಖ್ಯೆಗೆ ನಿಮ್ಮ ಸಾಕ್ಷಿ ನಡೆಯುತ್ತೆ. ಹಕ್ಕಿ ಯಾವುದು ಅನ್ನೋದಕ್ಕೆ ಮಾತ್ರ ದಯವಿಟ್ಟು ಬಾಯಿ ಬಿಡಬೇಡಿ."

೪. ಮತ್ತೆ ಗುಲಾಬಿ

ಇದಾಗಿ ಎರಡು ಮೂರು ವರ್ಷ ಕಳೆದಿತ್ತು. ಆ ಚಳಿಗಾಲದಲ್ಲಿ ನಡೆದದ್ದನ್ನು ಹೇಳಬೇಕಾದರೆ ಅಂಗಡಿಯ ಒಳಗಿನ ಒಂದು ಮಾತು ಹೇಳಲೇಬೇಕು. ನನ್ನ ಜೋಳಕ್ಕೆ ಹುಳ ಬಿದ್ದಿತ್ತು. ಧಾನ್ಯ ಇಟ್ಟವನಿಗೆ ಹುಳ ಬೀಳೋದು ಪಾಪವಲ್ಲ, ಗಿರಾಕಿಗೆ ಗೊತ್ತಾಗೋದು ಪಾಪ. ಐದು ಮೂಟೆ ಜೋಳವನ್ನು ಸದ್ದಿಲ್ಲದೆ ತಾರಸಿಗೆ ಸಾಗಿಸಿ ಬಿಸಿಲಿಗೆ ಹರವಿದೆ. ಬಿಸಿಲು ಕಾದರೆ ಹುಳ ತಾನೇ ಎದ್ದು ಹೊರಡುತ್ತದೆ.

ಮೂರನೇ ದಿನ ಬೆಳಗ್ಗೆ ಜೋಳ ತಿರುವಿಹಾಕೋಣ ಅಂತ ಮೇಲೆ ಹತ್ತಿದೆ. ಕೈಯಲ್ಲಿದ್ದ ಕೋಲು ಜಾರಿ ಬಿತ್ತು. ನನ್ನ ತಾರಸಿ ಗುಲಾಬಿಯಾಗಿತ್ತು! ತಲೆ ಕಪ್ಪು, ರೆಕ್ಕೆ ಕಪ್ಪು, ಮೈಯೆಲ್ಲ ತಿಳಿ ಗುಲಾಬಿ. ನೂರಾರು ಹಕ್ಕಿಗಳು ಒಂದರ ಮೇಲೊಂದು ಬಿದ್ದು ಹುಳ ಹೆಕ್ಕುತ್ತಿದ್ದವು. ಜಾಗ ಸಾಲದವು ಗೋಣಿ ಮರದಲ್ಲಿ ಪಾಳಿ ಕಾಯುತ್ತಿದ್ದವು. ಗಲಾಟೆ ಅಂದರೆ ಸಂತೆಯ ಗಲಾಟೆ. ನನಗೆ ಮೊದಲು ಬಂದ ಯೋಚನೆ, ಆ ಬಿನ್ನಿಪೇಟೆಯವನು ಇಷ್ಟೊಂದು ಬಣ್ಣ ಯಾವಾಗ ಕೊಂಡ?

ಫೋನ್ ಮಾಡಿದ ಹತ್ತು ನಿಮಿಷಕ್ಕೆ ಮೇಷ್ಟ್ರು ಬಂದರು, ಸ್ವೆಟರ್ ತಿರುವುಮುರುವು. ಮೆಟ್ಟಿಲ ತುದಿಯಲ್ಲಿ ನಿಂತು ನೋಡಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತರು.

"ಗುಲಾಬಿ ಕಬ್ಬಕ್ಕಿ ಕಣ್ರೀ... ಮಧ್ಯ ಏಷ್ಯಾದಿಂದ... ಮಾರೇನಹಳ್ಳಿಗೆ!"

ಆಮೇಲೆ ಕಾಲ ಬುಡದಲ್ಲಿದ್ದ ಒಂದು ಕಾಳು ಎತ್ತಿಕೊಂಡರು. ಅದರಲ್ಲಿದ್ದ ತೂತು ನೋಡಿದರು. ನನ್ನ ಮುಖ ನೋಡಿದರು. ಕಾಳನ್ನು ಇದ್ದಲ್ಲೇ ಇಟ್ಟು, ಕೆಳಗಿಳಿದು ರಿಜಿಸ್ಟರ್ ಸಾರ್‌ಗೆ ಫೋನ್ ಹಚ್ಚಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಯಾವ ಬಣ್ಣ ಮೇಷ್ಟ್ರೇ?"

ಮೇಷ್ಟ್ರು ರಿಸೀವರಿಗೆ ಕೈ ಮರೆ ಮಾಡಿಕೊಂಡು ಹೇಳಿದರು: "ಗುಲಾಬಿ."

ಆ ಕಡೆ ಪುಟ ತಿರುಗಿಸುವ ಸದ್ದು. ಆಮೇಲೆ, "ಬಿನ್ನಿಪೇಟೇಲಿ ಒಂದು ಸಲ ವಿಚಾರಿಸಿದ್ರಾ?"

"ಸಾರ್, ಆಣೆ ಮಾಡಿ ಹೇಳ್ತೀನಿ..."

"ಬರ್ತೀನಿ. ಆದರೆ ಈ ಸಲವೂ ಹಾಗೇ ಆದರೆ ನಿಮ್ಮ ಹೆಸರು ರಿಜಿಸ್ಟರಿನಿಂದ ಪೂರ್ತಿ ಹೊಡೆದು ಹಾಕಿಬಿಡ್ತೀನಿ. ಬೇಜಾರು ಮಾಡ್ಕೋಬಾರದು."

ಹನ್ನೊಂದು ಗಂಟೆಗೆ ಎರಡು ಆಟೋದಲ್ಲಿ ಐದು ಜನ ಬಂದರು. ಮೇಷ್ಟ್ರು ಮುಂದೆ, ಬೆರಳ ತುದಿಯ ಮೇಲೆ. ಹಿಂದೆ ರಿಜಿಸ್ಟರ್ ಸಾರ್. ಮೆಟ್ಟಿಲು ಅರ್ಧ ಹತ್ತಿರಬೇಕು, ಮೇಲಿಂದ ಸಿಡಿಲು ಹೊಡೆದ ಹಾಗೆ ಸದ್ದು ಕೇಳಿತು.

ಢಣ್! ಢಣ್! ಢಣ್! "ಹೋಯ್! ಹೋಹೋಯ್! ಹಾ ಹಾ ಹಾ ಹಾಯ್!"

ನಾವು ತಾರಸಿಗೆ ತಲೆ ತೂರಿಸಿದಾಗ ಅಲ್ಲಿ ಒಂದು ಗರಿಯೂ ಇರಲಿಲ್ಲ. ನಟ್ಟನಡುವೆ ರೊಟ್ಟಿ ಅಕ್ಕ ನಿಂತಿದ್ದಳು. ಸುಂಕದಕಟ್ಟೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸು, ವಿಜಯಪುರದ ಕಡೆಯವಳು, ವಾರಕ್ಕೊಮ್ಮೆ ನನ್ನ ಹತ್ತಿರವೇ ಜೋಳ ಕೊಳ್ಳುವವಳು. ಒಂದು ಕೈಯಲ್ಲಿ ನನ್ನ ಅಂಗಡಿಯ ಹಿತ್ತಾಳೆ ತಟ್ಟೆ, ಇನ್ನೊಂದು ಕೈಯಲ್ಲಿ ಕಬ್ಬಿಣದ ಸೇರು. ಅಂಗಡಿಯಲ್ಲಿ ಪಾಳಿಗೆ ನಿಂತಿದ್ದವಳು ಆ ಹಕ್ಕಿ ಸದ್ದು ಕೇಳಿದ್ದಾಳೆ. ಕೈಗೆ ಸಿಕ್ಕಿದ್ದು ಎತ್ತಿಕೊಂಡು ಹಿಂಬದಿಯ ಮೆಟ್ಟಿಲಿನಿಂದ ಓಡಿದ್ದಾಳೆ. ಬೆವರು ಒರೆಸಿಕೊಂಡು ಗೆದ್ದವಳ ಹಾಗೆ ನಕ್ಕಳು.

"ಎಲ್ಲಾ ಓಡಿಸೀನ್ರೀ ಅಣ್ಣಾರ! ಒಂದೂ ಬಿಟ್ಟಿಲ್ಲ ನೋಡ್ರಿ!"

ಮೇಷ್ಟ್ರ ಮುಖ ನೋಡಿ ನನಗೆ ಅರ್ಧ ಶಟರ್ ಇಳಿಸೋಣ ಅನ್ನಿಸಿತು.

ಎಲ್ಲರೂ ಕೆಳಗೆ ಬಂದೆವು. ರಿಜಿಸ್ಟರ್ ಸಾರ್ ಗಲ್ಲಾದ ಪಕ್ಕ ಪುಸ್ತಕ ಬಿಚ್ಚಿ ಕೆಂಪು ಪೆನ್ನು ತೆಗೆದರು. ಸುತ್ತ ನನ್ನ ಗಿರಾಕಿಗಳು, ಒಬ್ಬರೂ ಮನೆಗೆ ಹೋಗುತ್ತಿಲ್ಲ.

"ಹಾರಿಹೋದದ್ದನ್ನ ಬರೆಯಕ್ಕಾಗಲ್ಲ ಮೇಷ್ಟ್ರೇ."

"ಇವರೂ ನೋಡಿದ್ದಾರೆ ಸಾರ್" ಅಂತ ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು.

"ಬಾತನ್ನ ಕೋಳಿ ಅಂದವರು."

ರೊಟ್ಟಿ ಅಕ್ಕ ನಡುವೆ ಬಾಯಿ ಹಾಕಿದಳು. "ಅದರಾಗ ಏನೈತ್ರೀ ನೋಡೂದು? ತಲಿ ಕರ್ರಗ, ಮೈ ಗುಲಾಬಿ, ಸಿಟ್ಟು ಬಂದ್ರ ತಲಿಮ್ಯಾಲಿನ ಜುಟ್ಟ ನಿಂದರಸ್ತಾವ. ಮರಿಗಳಿಗೆ ಬಣ್ಣ ಬಂದಿರೂದಿಲ್ಲ, ಮಣ್ಣಿನ ಬಣ್ಣ. ಒಂದು ಎದ್ದರ ಎಲ್ಲಾ ಏಳ್ತಾವ, ಒಂದು ಹೊಳ್ಳಿದ್ರ ಎಲ್ಲಾ ಹೊಳ್ಳತಾವ. ಹನ್ನೆರಡು ವರ್ಷ ಜ್ವಾಳದ ಹೊಲದಾಗ ಅಟ್ಟದ ಮ್ಯಾಲ ನಿಂತು ಕವಣಿ ಬೀಸೀನ್ರೀ ಇವಕ್ಕ!"

ರಿಜಿಸ್ಟರ್ ಸಾರ್ ಕೆಂಪು ಪೆನ್ನು ಕೆಳಗಿಟ್ಟರು. ನೀಲಿ ಪೆನ್ನು ತೆಗೆದು, "ಸ್ವಲ್ಪ ನಿಧಾನವಾಗಿ ಹೇಳಿ ತಾಯಿ" ಅಂದರು. ಸಾಕ್ಷಿಯ ಕಾಲಂ ತುಂಬಿತು. ಮೇಷ್ಟ್ರ ಮುಖಕ್ಕೆ ರಕ್ತ ವಾಪಸ್ ಬಂತು. ಆದರೆ ಪೆನ್ನು ಮತ್ತೆ ನಿಂತಿತು.

"ಕಾರಣ? ಇವು ಹೊಲದ ಹಕ್ಕಿ. ಮಿಡತೆ, ಹುಳ, ತೆನೆ ಹುಡುಕಿಕೊಂಡು ಹೋಗೋವು. ಬರೀ ಒಣ ಕಾಳಿಗೆ ಮಾರೇನಹಳ್ಳಿ ಸಿಮೆಂಟಿಗೆ ಯಾಕೆ ಇಳೀತಾವೆ? ಕಾರಣ ಇಲ್ಲದೆ ನಾನು ಒಪ್ಪಲ್ಲ. ನೀವೇ ಹೇಳಿ ಮೇಷ್ಟ್ರೇ."

ಮೇಷ್ಟ್ರಿಗೆ ಕಾರಣ ಗೊತ್ತಿತ್ತು. ತೂತು ಬಿದ್ದ ಕಾಳು ಕೈಯಲ್ಲಿ ಹಿಡಿದು ನೋಡಿದ ಮನುಷ್ಯ. ಅಂಗಡಿ ತುಂಬಾ ಇದ್ದ ನನ್ನ ಗಿರಾಕಿಗಳನ್ನು ಒಂದು ಸಲ ನೋಡಿದರು. ಮಂಕಿ ಕ್ಯಾಪ್ ಎತ್ತಿಕೊಂಡರು.

"ಗೊತ್ತಿಲ್ಲ ಸಾರ್. ಹೊಡೆದು ಹಾಕಿಬಿಡಿ."

ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಆಘಾತ ಆಗಿರಲಿಲ್ಲ. ನನ್ನ ಜೋಳದ ಮರ್ಯಾದೆ ಉಳಿಸೋಕೆ ತಮ್ಮ ಹೆಸರು ಬಿಟ್ಟುಕೊಡುತ್ತಿದ್ದಾರೆ! ಒಂದು ಪೈಸೆ ಲಾಭವಿಲ್ಲದ ವ್ಯವಹಾರ. ಇಂಥದ್ದು ಗಲ್ಲಾದ ಮುಂದೆ ನಡೆದರೆ ಸುಮ್ಮನಿರೋದು ಹೇಗೆ? ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಹುಳ ಬಿದ್ದಿತ್ತು ಸಾರ್. ನನ್ನ ಜೋಳಕ್ಕೆ. ಐದು ಮೂಟೆ."

ನಾನು ಯಾರ ಮುಖವನ್ನೂ ನೋಡಲಿಲ್ಲ. ಮೂವತ್ತು ವರ್ಷದ ಹೆಸರು ಹೋಯಿತು ಅಂತ ಲೆಕ್ಕ ಹಾಕಿಕೊಂಡೆ. ಆಗ ರೊಟ್ಟಿ ಅಕ್ಕ ಅಂದಳು:

"ಅಯ್ಯ, ಅದನ್ನೇನ್ ದೊಡ್ಡ ಸುದ್ದಿ ಹೇಳ್ತೀರಿ? ಮೂರು ತಿಂಗಳಾತು, ಜರಡಿ ಹಿಡದ ಮ್ಯಾಲೇ ರೊಟ್ಟಿ ಬಡೀಲಿಕ್ಹತ್ತೀನಿ."

"ನಾನೂ" ಅಂದರು ಹಿಂದಿನಿಂದ ಒಬ್ಬ ಆಂಟಿ. "ರಾಗೀನೂ ಅಷ್ಟೇ" ಅಂತ ಇನ್ನೊಬ್ಬರು.

ಮೇಷ್ಟ್ರು ಹಗುರಾಗಿ ಕೆಮ್ಮಿದರು. "ಹೆಸರುಕಾಳೂ."

ರಿಜಿಸ್ಟರ್ ಸಾರ್ ಕಾರಣದ ಕಾಲಂ ತುಂಬಿದರು. "ಎಲ್ಲಾ ಸರಿ, ಕಣ್ಣಾರೆ ನೋಡೋದೊಂದು ಉಳೀತು. ಓಡಿಸಿಬಿಟ್ರಲ್ಲ ತಾಯಿ."

"ಕೂಡ್ರಿ, ಚಾ ಕುಡೀರಿ. ಬರ್ತಾವ" ಅಂದಳು ಆಕೆ. "ಓಡಿಸಿದ ಮ್ಯಾಲ ಹೊಳ್ಳಿ ಬರಲಾರದ ಹಕ್ಕಿ ಆಗಿದ್ರ ನಾ ಯಾಕ್ರೀ ಹೊಲ ಬಿಟ್ಟು ಬೆಂಗಳೂರಿಗೆ ಬರ್ತಿದ್ದೆ?"

ಚಹಾ ಮುಗಿಯುವ ಮುಂಚೆಯೇ ತಾರಸಿ ಮತ್ತೆ ಗುಲಾಬಿಯಾಗಿತ್ತು. ರಿಜಿಸ್ಟರ್ ಸಾರ್ ಮಂಡಿಯೂರಿ ಕೂತು ನೋಡಿದರು. ಸಂಖ್ಯೆ ನಾನು ಹೇಳಿದೆ, ಇನ್ನೂರ ನಲವತ್ತು. ಎಣಿಸದೆ ಬರೆದುಕೊಂಡರು. ಮೊದಲು ಗುರುತಿಸಿದವರು ಅನ್ನುವಲ್ಲಿ ಮೇಷ್ಟ್ರ ಹೆಸರು, ಅದೂ ನೀಲಿ ಅಕ್ಷರದಲ್ಲಿ. ಮೇಷ್ಟ್ರು ಅವತ್ತು ಒಂದು ಕೆಜಿ ಹೆಸರುಕಾಳು ಕೊಂಡರು. ಜರಡಿ ಹಿಡಿದೇ ಕೊಟ್ಟೆ.

೫. ಮಾರನೇ ವರ್ಷ

ರಿಜಿಸ್ಟರಿನಲ್ಲಿ ಬರೆದದ್ದು ಅಲ್ಲೇ ಇರುತ್ತದೆ ಅಂದುಕೊಂಡಿದ್ದು ನನ್ನ ದಡ್ಡತನ. ಅದನ್ನು ಟೈಪ್ ಮಾಡಿ ಊರಿನ ಹಕ್ಕಿ ನೋಡುವವರಿಗೆಲ್ಲ ಹಂಚುತ್ತಾರಂತೆ. ಜಾಗದ ಗುರುತು ಸಮೇತ, ಕಾರಣದ ಸಮೇತ.

ಮರು ವರ್ಷ ಸಂಕ್ರಾಂತಿ ಹಬ್ಬಕ್ಕೆ ಮುಂಚಿನ ಶನಿವಾರ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹೊಸ ಲೇಔಟಿನ ಗಿರಾಕಿಗಳೂ ಬಂದಿದ್ದರು. ನಾನು ಹೊಸ ಜೋಳ ಅಂಗೈಯಲ್ಲಿ ಹಿಡಿದು, "ಮುತ್ತಿನ ಹಾಗಿದೆ ನೋಡಿ" ಅಂತ ತೋರಿಸುತ್ತಿದ್ದೆ. ಆಗ ಕ್ಯಾಮರಾ, ಬೈನಾಕ್ಯುಲರ್ ನೇತುಹಾಕಿಕೊಂಡ ಹನ್ನೆರಡು ಜನ ಅಪರಿಚಿತರು ಶಿಸ್ತಾಗಿ ಬಂದು ಸಾಲು ನಿಂತರು. ಮುಂದಿದ್ದಾತ ಕೈ ಮುಗಿದು, ಇಡೀ ಅಂಗಡಿಗೆ ಕೇಳುವ ಹಾಗೆ ವಿನಯದಿಂದ ಕೇಳಿದ:

"ನಮಸ್ಕಾರ ಸಾರ್. ಈ ವರ್ಷ ಹುಳ ಬಿದ್ದಿದೆಯಾ?"

ಅಂಗೈಯಲ್ಲಿದ್ದ ಮುತ್ತು ಕೆಳಗೆ ಬಿತ್ತು. "ಇಲ್ಲ ಸಾರ್" ಅಂದೆ ಹಲ್ಲು ಕಚ್ಚಿ. "ಮಾಲು ಪೂರ್ತಿ ಶುದ್ಧ."

ಹನ್ನೆರಡು ಮುಖ ಒಟ್ಟಿಗೆ ಬಾಡಿತು. "ಸ್ವಲ್ಪವೂ ಇಲ್ವಾ ಸಾರ್? ರಜ ಹಾಕಿ ಬಂದಿದೀವಿ..."

ಜೋಳದ ಸಾಲಿನ ತುದಿಯಿಂದ ರೊಟ್ಟಿ ಅಕ್ಕ ಅವರಿಗೆ ಧೈರ್ಯ ಹೇಳಿದಳು:

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ಸಂಕ್ರಾಂತಿ ಕಳದು ಹದಿನೈದು ದಿನ ಬಿಟ್ಟು ಬರ್ರಿ. ಇವರ ಜ್ವಾಳ ನನಗ ಗೊತ್ತೈತಿ!"